ಬೋಡಿ: ಹಾಗೇ ಬಿಟ್ಟು ಉಳಿಸಿಕೊಂಡ ಚಿನ್ನದ ಗಣಿ ಊರು – ಟಿಕೆಟ್, ರಸ್ತೆ, ಮಿಲ್ ಟೂರ್, ಎಲ್ಲದರ ವಿಮರ್ಶೆ

ಕ್ಯಾಲಿಫೋರ್ನಿಯಾದ ಬೋಡಿಗೆ ಹೋಗುವ ಯೋಚನೆ ಇದ್ದರೆ, ಅದಿರನ್ನು ಪುಡಿಮಾಡಿ ಚಿನ್ನ ತೆಗೆಯುತ್ತಿದ್ದ ಸ್ಟ್ಯಾಂಡರ್ಡ್ ಮಿಲ್‌ನ ಟೂರ್ ನಡೆಯುವ ದಿನವನ್ನೇ ಆರಿಸಿಕೊಳ್ಳಿ. ಗೇಟು ತೆಗೆಯುವ ಹೊತ್ತಿಗೇ ತಲುಪಿ, ಮ್ಯೂಸಿಯಂ ಕೌಂಟರಿನಲ್ಲಿ ಹೆಸರು ಬರೆಸಿದ ಮೇಲೆ ಊರು ಸುತ್ತಲು ಹೊರಡಿ. ಬಹಳಷ್ಟು ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ವಾಲಿದ ಮರದ ಮನೆ, ತುಕ್ಕು ಹಿಡಿದ ಕಾರು, ಧೂಳು ಕೂತ ಕಿಟಕಿ ಎಲ್ಲದರ ಫೋಟೊ ತೆಗೆದುಕೊಂಡು, ಆಮೇಲೆ ಕೌಂಟರಿಗೆ ಹೋದರೆ ಟೂರಿನ ಜಾಗ ತುಂಬಿಹೋಗಿರುತ್ತದೆ. ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಇಷ್ಟು ದೊಡ್ಡ ಊರು ಈ ಬೋಳು ಗುಡ್ಡಗಳ ನಡುವೆ ಯಾಕೆ ಎದ್ದಿತು, ಯಾಕೆ ಅಷ್ಟು ಬೇಗ ಖಾಲಿಯಾಯಿತು ಎಂಬುದಕ್ಕೆ ಉತ್ತರ ಇರುವುದು ಪೂರ್ವದ ಇಳಿಜಾರಿನಲ್ಲಿರುವ ಆ ತಗಡಿನ ಕಟ್ಟಡದೊಳಗೆ.

ಊರು ಇರುವುದು ಕ್ಯಾಲಿಫೋರ್ನಿಯಾದ ಮೋನೊ ಕೌಂಟಿಯಲ್ಲಿ, ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವಕ್ಕೆ, 8,375 ಅಡಿ ಎತ್ತರದಲ್ಲಿ. 1962ರಿಂದ ರಾಜ್ಯದ ಉದ್ಯಾನ ಇಲಾಖೆ ಇದನ್ನು ಚಾರಿತ್ರಿಕ ಉದ್ಯಾನವಾಗಿ ನೋಡಿಕೊಳ್ಳುತ್ತಿದೆ. ದೊಡ್ಡವರಿಗೆ 8 ಡಾಲರ್, ಮಕ್ಕಳಿಗೆ 5 ಡಾಲರ್, ತೀರಾ ಚಿಕ್ಕವರಿಗೆ ಟಿಕೆಟ್ ಇಲ್ಲ. ಈ ದರ ಆಗಾಗ ಬದಲಾಗುತ್ತದೆ, ಹೊರಡುವ ಮುನ್ನ ಇಲಾಖೆಯ ಪುಟ ನೋಡಿಕೊಳ್ಳಿ. ಬೇ ಏರಿಯಾದ ನಮ್ಮವರು ಸಾಮಾನ್ಯವಾಗಿ ಯೊಸೆಮಿಟಿ, ಮೋನೊ ಸರೋವರದ ಪ್ರವಾಸಕ್ಕೆ ಇದನ್ನು ಬಾಲದಂತೆ ಸೇರಿಸಿ ಒಂದು ಗಂಟೆ ಕೊಡುತ್ತಾರೆ. ಒಂದು ಗಂಟೆಯಲ್ಲಿ ಮೇನ್ ಸ್ಟ್ರೀಟ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರಬಹುದು, ಅಷ್ಟೇ. ಊರಿಗೆ ಮೂರು ಗಂಟೆ, ಮಿಲ್‌ಗೆ ಒಂದು, ಸ್ಮಶಾನದ ಗುಡ್ಡಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಂಡರೆ ಸಾವಕಾಶವಾಗಿ ನೋಡಬಹುದು.

ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡು ಹೋದರೆ ಕಣ್ಣಿಗೆ ಬೀಳುವುದು ದುಪ್ಪಟ್ಟಾಗುತ್ತದೆ. 1859ರಲ್ಲಿ ಡಬ್ಲ್ಯು. ಎಸ್. ಬೋಡಿ ಮತ್ತು ಅವನ ಜೊತೆಗಾರರಿಗೆ ಇಲ್ಲಿ ಚಿನ್ನ ಕಂಡಿತು. ಅದೇ ವರ್ಷ ಚಳಿ ಶುರುವಾದ ಮೇಲೆ ಸಾಮಾನು ತರಲು ಹೋದವನು ಹಿಮಗಾಳಿಗೆ ಸಿಕ್ಕಿ ಸತ್ತ. ತನ್ನ ಹೆಸರಿನ ಊರನ್ನು ಅವನು ನೋಡಲೇ ಇಲ್ಲ. ಮುಂದಿನ ಹದಿನೈದು ವರ್ಷ ಇಲ್ಲಿದ್ದದ್ದು ಬಡಕಲು ಶಿಬಿರ. 1875ರಲ್ಲಿ ಗಣಿಯೊಂದು ಕುಸಿದು ಒಳಗಿನ ಸಿರಿವಂತ ಅದಿರು ಬಯಲಾಯಿತು. 1877ರಲ್ಲಿ ಸ್ಟ್ಯಾಂಡರ್ಡ್ ಕಂಪನಿ ಆ ಗಣಿಯನ್ನು ಕೊಂಡಿತು. ಅಲ್ಲಿಂದ ಎರಡು ಮೂರು ವರ್ಷದಲ್ಲಿ ಜನಸಂಖ್ಯೆ 7 ಸಾವಿರದಿಂದ 10 ಸಾವಿರದ ನಡುವೆ ಎಲ್ಲೋ ಮುಟ್ಟಿತು, ಸುಮಾರು 2,000 ಕಟ್ಟಡ ಎದ್ದವು. ಬ್ಯಾಂಕು, ಪತ್ರಿಕೆ, ಗಣಿ ಕಾರ್ಮಿಕರ ಸಂಘ, ರೈಲು, ಚೀನೀಯರ ಕೇರಿ, ಲೆಕ್ಕವಿಲ್ಲದಷ್ಟು ಸಲೂನು (ಹೆಂಡದಂಗಡಿ) ಎಲ್ಲ ಬಂದವು. ಸ್ಟ್ಯಾಂಡರ್ಡ್ ಗಣಿಯೊಂದೇ 25 ವರ್ಷದಲ್ಲಿ ಹತ್ತಿರ ಹತ್ತಿರ ಒಂದೂವರೆ ಕೋಟಿ ಡಾಲರ್ ಬೆಲೆಯ ಚಿನ್ನ, ಬೆಳ್ಳಿ ಕೊಟ್ಟಿತು.

ಆದರೆ ಈ ಚಿನ್ನ ಆಳದ ಚಿನ್ನವಲ್ಲ. ಜ್ವಾಲಾಮುಖಿ ಶಿಲೆಯ ಬಿರುಕುಗಳಲ್ಲಿ ಬಿಸಿನೀರು ಮೇಲೇರಿ, ನೆಲದ ಹತ್ತಿರ ತಣಿಯುವಾಗ ಬಿಟ್ಟುಹೋದ ಲೋಹ ಇದು. ಹೀಗಾಗಿ ಒಳ್ಳೆಯ ಅದಿರೆಲ್ಲ ಬೋಡಿ ಬ್ಲಫ್ ಎಂಬ ಗುಡ್ಡದ ಮೇಲಿನ ಕೆಲವು ನೂರು ಅಡಿಗಳಲ್ಲೇ ಗುಂಪುಗೂಡಿತ್ತು. ಆಳದಲ್ಲಿ ಇನ್ನೂ ಹೆಚ್ಚು ಸಿಗುತ್ತದೆಂದು ನಂಬಿಸಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇರು ಮಾರಿದರು, ಲೆಂಟ್ ಶಾಫ್ಟ್ ಎಂಬ ಗಣಿಬಾವಿಯನ್ನು 1,200 ಅಡಿಯವರೆಗೆ ಇಳಿಸಿದರು, ಖರ್ಚು ಹುಟ್ಟುವಷ್ಟೂ ಅದಿರು ಸಿಗಲಿಲ್ಲ. ಶೇರುಗಳು ಬಿದ್ದವು. 1882ರ ಹೊತ್ತಿಗೆ ಜನ ಮೊಂಟಾನಾದ ಬ್ಯೂಟ್, ಅರಿಜೋನಾದ ಟೂಂಬ್‌ಸ್ಟೋನ್ ಕಡೆ ಮುಖ ಮಾಡಿಯಾಗಿತ್ತು. ಕೆಜಿಎಫ್ ಗೊತ್ತಿದ್ದವರಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 10 ಸಾವಿರ ಅಡಿಗೂ ಕೆಳಗೆ ಇಳಿದರೂ ಅಲ್ಲಿ ಅದಿರಿತ್ತು. ಅದಕ್ಕೇ ಕೋಲಾರದ ಗಣಿ 1880ರಿಂದ 2001ರ ಫೆಬ್ರವರಿ 28ರವರೆಗೆ, ಮೂರು ನಾಲ್ಕು ತಲೆಮಾರಿಗೆ ಕೆಲಸ ಕೊಟ್ಟಿತು. ಬೋಡಿಯ ಭರಾಟೆ ಐದಾರು ವರ್ಷದ್ದು. ಎರಡೂ ಕಡೆ ನೆಲದೊಳಗೆ ಇಳಿದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಇದ್ದರು. ಅಲ್ಲಿನ ತವರ ಮತ್ತು ತಾಮ್ರದ ಗಣಿಗಳು ಬಡವಾದಾಗ ಅವರು ಲೋಕವೆಲ್ಲ ಹರಡಿದರು.

ಭರಾಟೆ ಮುಗಿದ ಮೇಲೂ ಊರು ಒಂದೇ ಏಟಿಗೆ ಸಾಯಲಿಲ್ಲ. 1892ರ ಬೆಂಕಿ ಪೇಟೆಯ ದೊಡ್ಡ ಭಾಗವನ್ನು ತಿಂದಿತು. 1910ರ ಜನಗಣತಿಯಲ್ಲಿ 698 ಜನ, 1920ರಲ್ಲಿ 120. 1932ರಲ್ಲಿ ಮತ್ತೊಂದು ಬೆಂಕಿ. ಬೆಂಕಿಪೊಟ್ಟಣದ ಜೊತೆ ಆಡುತ್ತಿದ್ದ ಪುಟ್ಟ ಮಗುವಿನಿಂದ ಅದು ಶುರುವಾಯಿತೆಂದು ಹೇಳುತ್ತಾರೆ. ಉಳಿದಿದ್ದ ಪೇಟೆಯ ಬಹುಪಾಲು ಆಗ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಚಿನ್ನದ ಗಣಿಗಳನ್ನೆಲ್ಲ ನಿಲ್ಲಿಸಿದ್ದರಿಂದ 1942ರಲ್ಲಿ ಕೊನೆಯ ಕೆಲಸವೂ ನಿಂತಿತು, ಅಂಚೆ ಕಚೇರಿ ಮುಚ್ಚಿತು. ಇವತ್ತು ನಿಂತಿರುವುದು ಸುಮಾರು 110 ಕಟ್ಟಡ, ಮೊದಲಿದ್ದುದರಲ್ಲಿ ಒಂದು ಸಣ್ಣ ಚೂರು. ಬಂದವರು ‘ಇಷ್ಟೇನಾ ಊರು’ ಅನ್ನುವುದು ಕೇಳಿಸುತ್ತದೆ. ಮನೆಗಳ ನಡುವಿನ ಆ ಅಗಲವಾದ ಹುಲ್ಲುಬಯಲು ಬಯಲಾಗಿರಲಿಲ್ಲ, ಒಂದಕ್ಕೊಂದು ಗೋಡೆ ತಾಗಿಸಿ ನಿಂತ ಅಂಗಡಿಸಾಲಾಗಿತ್ತು. ಮೇನ್ ಸ್ಟ್ರೀಟ್‌ನಲ್ಲಿ ಒಂಟಿಯಾಗಿ ನಿಂತ ಬ್ಯಾಂಕಿನ ಇಟ್ಟಿಗೆ ಖಜಾನೆಯ ಮುಂದೆ ನಿಂತು ಸುತ್ತ ನೋಡಿದರೆ ಎಷ್ಟು ಹೋಗಿದೆ ಎಂಬ ಅಂದಾಜು ಸಿಗುತ್ತದೆ.

ಮನೆಗಳೊಳಗೆ ಇಷ್ಟೊಂದು ಸಾಮಾನು ಯಾಕೆ ಉಳಿದಿದೆ ಎಂದು ಎಲ್ಲರೂ ಕೇಳುತ್ತಾರೆ. ಸಾಗಿಸುವ ಖರ್ಚು ಸಾಮಾನಿನ ಬೆಲೆಗಿಂತ ಹೆಚ್ಚಾಗಿತ್ತು. ಒಂದು ಗಾಡಿಯಲ್ಲಿ ಹಿಡಿಸಿದ್ದನ್ನು ಹೇರಿಕೊಂಡು ಮಿಕ್ಕಿದ್ದನ್ನು ಬಿಟ್ಟು ಹೋದರು. ಕೊನೆಗೆ ಊರಿನ ಹೆಚ್ಚಿನ ಆಸ್ತಿ ಜೆ. ಎಸ್. ಕೇನ್ ಎಂಬ ಬ್ಯಾಂಕರನ ಕುಟುಂಬದ ಕೈಗೆ ಬಂತು. ಅವರು ಕಾವಲುಗಾರರನ್ನು ಇಟ್ಟರು. ಇಲ್ಲದಿದ್ದರೆ ಹಲಗೆ, ತಗಡು, ಗಾಜು ಒಂದೂ ಉಳಿಯುತ್ತಿರಲಿಲ್ಲ. ಪಶ್ಚಿಮ ಅಮೆರಿಕದ ನೂರಾರು ಗಣಿ ಊರುಗಳು ಹಾಗೇ ಅಳಿಸಿಹೋಗಿವೆ.

ಇಲಾಖೆ ಕಟ್ಟಡಗಳನ್ನು ಇಟ್ಟುಕೊಂಡಿರುವ ರೀತಿಯೇ ಬೋಡಿಯ ನಿಜವಾದ ವಿಶೇಷ. ಕೈಗೆ ಬಂದಾಗ ಹೇಗಿತ್ತೋ ಆ ಸ್ಥಿತಿಯಲ್ಲಿ ತಡೆದು ನಿಲ್ಲಿಸುವುದು ಅವರ ನಿಯಮ. ಬಣ್ಣ ಬಳಿಯುವುದಿಲ್ಲ, ಬಿದ್ದುಹೋದದ್ದನ್ನು ಹೊಸದಾಗಿ ಕಟ್ಟುವುದಿಲ್ಲ. ಛಾವಣಿ ಸೋರದಂತೆ, ಕಿಟಕಿಯಿಂದ ಹಿಮ ಒಳಬರದಂತೆ, ಅಡಿಪಾಯ ಕೂರದಂತೆ ನೋಡಿಕೊಳ್ಳುತ್ತಾರೆ. ಈ ಮೂರು ಸರಿಯಿದ್ದರೆ ಮರದ ಗೋಡೆ ಈ ಒಣಹವೆಯಲ್ಲಿ ಬಹಳ ಕಾಲ ಬಾಳುತ್ತದೆ. ಹತ್ತಿರ ಹೋಗಿ ನೋಡಿದರೆ ಅವರ ಕೈಚಳಕ ಗೊತ್ತಾಗುತ್ತದೆ. ಬಿಸಿಲಿಗೆ ಕಂದಿ ಕಪ್ಪುಗಂದು ಬಣ್ಣಕ್ಕೆ ತಿರುಗಿದ ಹಲಗೆಗಳ ಮೇಲೆ ಛಾವಣಿಯ ಮರದ ಹೆಂಚುಗಳು ಮಾತ್ರ ಹೊಸವು. ಸ್ವೇಜಿ ಹೋಟೆಲು ಪಕ್ಕಕ್ಕೆ ವಾಲಿ ನಿಂತಿದೆ, ವಾಲಿದ್ದನ್ನು ನೇರ ಮಾಡಿಲ್ಲ, ಇನ್ನು ಮುಂದೆ ವಾಲದಂತೆ ಹೊರಗಿನಿಂದ ಊರುಗೋಲು ಕೊಟ್ಟಿದ್ದಾರೆ. ಕೆಲವು ಮನೆಗಳ ಗೋಡೆಗೆ ಆಗಿನವರೇ ಡಬ್ಬಿಗಳನ್ನು ಕತ್ತರಿಸಿ ಚಪ್ಪಟೆ ಮಾಡಿ ಮೊಳೆ ಹೊಡೆದಿದ್ದಾರೆ. ಹಲಗೆಯ ಸಂದಿಯಿಂದ ನುಗ್ಗುವ ಗಾಳಿಗೆ ಅಡ್ಡವಾಗಿ ಹೊಡೆದ ಆ ತಗಡು ಇಂದಿಗೂ ಅಲ್ಲೇ ಇದೆ. 2016ರ ಡಿಸೆಂಬರಿನಲ್ಲಿ ಹತ್ತಿರದಲ್ಲೇ ಐದಕ್ಕೂ ಹೆಚ್ಚು ತೀವ್ರತೆಯ ಭೂಕಂಪಗಳಾಗಿ ಇಲ್ಲಿನ ಕಟ್ಟಡಗಳಿಗೆ ಪೆಟ್ಟು ಬಿತ್ತು. ಆಮೇಲಿನ ದುರಸ್ತಿಯೂ ಇದೇ ನಿಯಮದಂತೆ ಆಯಿತು. ಸಿಮೆಂಟು ಮೆತ್ತಿ, ಬಣ್ಣ ಹೊಡೆದು ‘ಜೀರ್ಣೋದ್ಧಾರ’ ಮಾಡಿದ ಸ್ಮಾರಕಗಳನ್ನು ನೋಡಿ ನೋಡಿ ಬೇಸತ್ತವರಿಗೆ ಇಲ್ಲಿ ಕಣ್ಣು ತಣಿಯುತ್ತದೆ.

ಮಿಲ್ ಟೂರ್ ಬಗ್ಗೆ ವಿವರವಾಗಿಯೇ ಹೇಳಬೇಕು. ಪ್ರವೇಶದ ಟಿಕೆಟ್ಟಿನಲ್ಲಿ ಇದು ಸೇರಿಲ್ಲ, ಕೆಲವು ಡಾಲರಿನ ಬೇರೆ ಟಿಕೆಟ್. ಬೇಸಿಗೆಯ ತಿಂಗಳುಗಳಲ್ಲಿ ಮಾರ್ಗದರ್ಶಕರ ಜೊತೆ ಸುಮಾರು ಐವತ್ತು ನಿಮಿಷ. ಅವರಿಲ್ಲದೆ ಮಿಲ್ ಇರುವ ಇಳಿಜಾರಿಗೆ ಕಾಲಿಡುವಂತಿಲ್ಲ. ಕಾರಣ ಸರಿಯಾದದ್ದೇ: ಹಳೆಯ ಶಾಫ್ಟುಗಳು, ಗಟ್ಟಿಯಿಲ್ಲದ ನೆಲ, ಮಣ್ಣಿನಲ್ಲಿ ಉಳಿದ ಪಾದರಸ ಮತ್ತು ಇತರ ರಾಸಾಯನಿಕ. ಈಗಿರುವ ಕಟ್ಟಡ ಮೊದಲಿನದಲ್ಲ, 1898ರಲ್ಲಿ ಮಿಲ್ ಸುಟ್ಟುಹೋಗಿ 1899ರಲ್ಲಿ ಮತ್ತೆ ಕಟ್ಟಿದ್ದು. ಅದಕ್ಕೇ ಹೊರಗೆ ತಗಡಿನ ಹೊದಿಕೆ.

ಮಿಲ್ಲನ್ನು ಇಳಿಜಾರಿನಲ್ಲಿ ಕಟ್ಟಿರುವುದು ಬೇಕೆಂದೇ. ಅದಿರು ಮೇಲಿಂದ ಸುರಿದರೆ ತನ್ನ ಭಾರಕ್ಕೆ ತಾನೇ ಒಂದೊಂದೇ ಹಂತ ಇಳಿಯುತ್ತದೆ, ಎತ್ತುವ ಖರ್ಚಿಲ್ಲ. ಮೇಲೆ ದವಡೆಯಂಥ ಯಂತ್ರ ಕಲ್ಲನ್ನು ಒಡೆಯುತ್ತದೆ. ಒಡೆದದ್ದು ಸ್ಟ್ಯಾಂಪುಗಳ ಕೆಳಗೆ ಬೀಳುತ್ತದೆ. ಸ್ಟ್ಯಾಂಪ್ ಎಂದರೆ ನೂರಾರು ಕಿಲೋ ತೂಕದ ಕಬ್ಬಿಣದ ಒನಕೆ. ತಿರುಗುವ ದಂಡದ ಮೇಲಿನ ಕೊಕ್ಕೆ ಅದನ್ನು ಕೆಲವು ಅಂಗುಲ ಎತ್ತಿ ಬಿಡುತ್ತದೆ. ಐದೈದರ ಸಾಲಿನಲ್ಲಿ ಒಟ್ಟು 20. ಸಾಲಿನ ಐದೂ ಒಟ್ಟಿಗೆ ಬಿದ್ದರೆ ಅಡಿಪಾಯವೇ ಸಡಿಲವಾಗುತ್ತದೆ, ಅದಕ್ಕೇ ಒಂದಾದ ಮೇಲೊಂದು ಬೀಳುವಂತೆ ಜೋಡಿಸಿರುತ್ತಾರೆ. ಒನಕೆಯ ತುದಿಯ ಬೂಟು ಮತ್ತು ಕೆಳಗಿನ ಅಚ್ಚು ಸವೆಯುವುದು ಇದರ ದೊಡ್ಡ ಖರ್ಚು, ಆಗಾಗ ಬದಲಿಸಬೇಕು. ಹಗಲಿರುಳು ಈ ಸದ್ದು ಊರಿಡೀ ಕೇಳುತ್ತಿತ್ತು.

ಪುಡಿಯಾದ ಅದಿರು ನೀರಿನ ಜೊತೆ ಜಾಲರಿ ದಾಟಿ, ಪಾದರಸ ಸವರಿದ ತಾಮ್ರದ ತಟ್ಟೆಗಳ ಮೇಲೆ ಹರಿಯುತ್ತದೆ. ಚಿನ್ನದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತದೆ, ಕಲ್ಲಿನ ಪುಡಿ ಹರಿದುಹೋಗುತ್ತದೆ. ಆ ಬೆಣ್ಣೆಯಂಥ ಮಿಶ್ರಣವನ್ನು ಕೆರೆದು, ತೆಳು ಚರ್ಮದಲ್ಲಿ ಹಿಂಡಿ, ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸುತ್ತಾರೆ. ಪಾದರಸ ಆವಿಯಾಗಿ ಕೊಳವೆಯಲ್ಲಿ ತಣಿದು ಮತ್ತೆ ಬಳಕೆಗೆ ಬರುತ್ತದೆ, ತಳದಲ್ಲಿ ರಂಧ್ರ ರಂಧ್ರವಾದ ಚಿನ್ನ ಉಳಿಯುತ್ತದೆ. ಇದರಲ್ಲಿ ಕೆಡುವುದು ಎರಡು ಕಡೆ. ತಟ್ಟೆಗೆ ಎಣ್ಣೆ, ಜಿಡ್ಡು ತಾಗಿದರೆ ಪಾದರಸ ಚಿನ್ನವನ್ನು ಹಿಡಿಯುವುದಿಲ್ಲ. ತೀರಾ ಸಣ್ಣ ಕಣ ಮತ್ತು ಗಂಧಕದ ಖನಿಜದೊಳಗೆ ಸಿಕ್ಕಿಕೊಂಡ ಚಿನ್ನ ನೀರಿನ ಜೊತೆಯೇ ಹೊರಟುಹೋಗುತ್ತದೆ. ಹಾಗೆ ಹೋದದ್ದೇ ಊರಿನ ಆಯಸ್ಸನ್ನು ಸ್ವಲ್ಪ ಎಳೆಯಿತು. 1890ರ ದಶಕದಲ್ಲಿ, ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನ ಬಂದಾಗ ಎಸೆದಿದ್ದ ಕೆಸರಿನಿಂದಲೇ ಮತ್ತೆ ಚಿನ್ನ ತೆಗೆದರು, 1930ರ ದಶಕದಲ್ಲಿ ಇನ್ನೊಮ್ಮೆ ತೆಗೆದರು. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ವಿವರಿಸಬೇಕಿಲ್ಲ. ದಿಬ್ಬದಲ್ಲಿ ಇನ್ನೂ ಎಷ್ಟು ಚಿನ್ನವಿದೆ ಎಂಬ ಚರ್ಚೆ ಅಲ್ಲಿ ಇವತ್ತಿಗೂ ಮುಗಿದಿಲ್ಲ.

ಟೂರಿನಲ್ಲಿ ತಪ್ಪದೆ ಗಮನ ಕೊಡಬೇಕಾದ ಭಾಗ ವಿದ್ಯುತ್ತಿನದು. ಸುತ್ತ ಮರ ಕಾಣದ ಜಾಗ ಇದು. ಉಗಿ ಯಂತ್ರಕ್ಕೆ ಸೌದೆ ಸುಡುವ ಖರ್ಚು ಕಂಪನಿಯ ಬೆನ್ನು ಮುರಿಯುತ್ತಿತ್ತು. ಸೌದೆ ಮತ್ತು ಗಣಿಯ ಆಸರೆ ಮರಕ್ಕಾಗಿಯೇ 1881ರಲ್ಲಿ ಮೋನೊ ಸರೋವರದ ದಕ್ಷಿಣದ ಕಾಡಿಗೆ 32 ಮೈಲಿ ಕಿರುಹಳಿ ರೈಲು ಹಾಕಿದ್ದರು. ಬೇರೆ ಯಾವ ರೈಲಿಗೂ ಸೇರದ, ಮರ ತರುವುದೊಂದೇ ಕೆಲಸವಾಗಿದ್ದ ಆ ಹಳಿ 1917ರವರೆಗೆ ನಡೆಯಿತು. ಸೌದೆಯ ಖರ್ಚು ಇಳಿಸಲು ಸ್ಟ್ಯಾಂಡರ್ಡ್ ಗಣಿಯ ಮೇಲ್ವಿಚಾರಕ ಥಾಮಸ್ ಲೆಗೆಟ್ 13 ಮೈಲಿ ದೂರದ ಗ್ರೀನ್ ಕ್ರೀಕ್‌ನಲ್ಲಿ ಜಲವಿದ್ಯುತ್ ಘಟಕ ಕಟ್ಟಿಸಿ, 1892–93ರಲ್ಲಿ 3,530 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ತಂತಿಯ ಮೇಲೆ ಮಿಲ್‌ವರೆಗೆ ತಂದ. ಅಷ್ಟು ದೂರ ವಿದ್ಯುತ್ ಕಳಿಸಿ ಕೈಗಾರಿಕೆ ನಡೆಸಿದ ಆರಂಭದ ಪ್ರಯೋಗಗಳಲ್ಲಿ ಇದೊಂದು. ತಿರುವು ಬಂದರೆ ವಿದ್ಯುತ್ ತಂತಿ ಬಿಟ್ಟು ಹಾರಿಹೋಗುತ್ತದೆಂಬ ಹೆದರಿಕೆಯಿಂದ ಕಂಬಗಳನ್ನು ನೇರ ಗೆರೆಯಲ್ಲಿ ನೆಟ್ಟರು ಎಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನೇರ ಗೆರೆಗೆ ತಾಮ್ರ ಕಡಿಮೆ ಸಾಕು ಎಂಬ ಲೆಕ್ಕವೂ ಎಂಜಿನಿಯರನಿಗೆ ಗೊತ್ತಿಲ್ಲದೇ ಇರುವುದಿಲ್ಲ.

ಕನ್ನಡಿಗರು ಈ ಭಾಗದಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲಬೇಕು. ಹತ್ತೇ ವರ್ಷದಲ್ಲಿ, 1902ರಲ್ಲಿ, ಇದೇ ಬಗೆಯ ಕೆಲಸವನ್ನು ಮೈಸೂರು ಸಂಸ್ಥಾನ ಏಳು ಪಟ್ಟು ದೂರಕ್ಕೆ ಮಾಡಿ ತೋರಿಸಿತು. ಶಿವನಸಮುದ್ರದ ಕಾವೇರಿಯಿಂದ ಕೆಜಿಎಫ್‌ಗೆ 92 ಮೈಲಿ. ಅಲ್ಲಿಯೂ ಕಾರಣ ಗಣಿಯ ಇಂಧನದ ಖರ್ಚೇ. ಬೋಡಿಯಲ್ಲಿ ಆ 13 ಮೈಲಿಯ ಕಥೆಯನ್ನು ಹೇಳಲು ಒಂದು ಟೂರ್ ಇದೆ, ಯಂತ್ರಗಳು ಇದ್ದಲ್ಲೇ ಇವೆ, ಕೆಳಗೆ ಒಂದು ಮ್ಯೂಸಿಯಂ ಇದೆ. ನಮ್ಮ 92 ಮೈಲಿಯ ಕಥೆಯನ್ನು ಕೆಜಿಎಫ್‌ನಲ್ಲೇ ನಿಂತು ಕೇಳುವ ಇಂಥ ಏರ್ಪಾಡು ಇರಬೇಕಿತ್ತು ಎಂದು ಇಲ್ಲಿ ಅನ್ನಿಸದೇ ಇರುವುದಿಲ್ಲ. ಚಾಂಪಿಯನ್ ರೀಫ್ಸ್, ಊರ್ಗಾಂ, ಮಾರಿಕುಪ್ಪಂಗಳಲ್ಲಿ ಜನ ಇನ್ನೂ ಬದುಕುತ್ತಿದ್ದಾರೆ, ಹಾಗಾಗಿ ಬೋಡಿಯಂತೆ ಬೇಲಿ ಹಾಕಿ ಟಿಕೆಟ್ ಇಡಲು ಆಗುವುದಿಲ್ಲ, ಇಡಲೂಬಾರದು. ಆದರೆ ಛಾವಣಿ, ಕಿಟಕಿ, ಅಡಿಪಾಯ ಇವಿಷ್ಟನ್ನು ಕಾಪಾಡುವುದು ಅಲ್ಲಿಯೂ ಆಗುವ ಕೆಲಸ.

ಊರಿನೊಳಗೆ ನೋಡುವುದು ಬಹುತೇಕ ಕಿಟಕಿಯಿಂದ. ಒಂದೆರಡು ಕಟ್ಟಡಗಳಿಗೆ ಮಾತ್ರ ಕಾಲಿಡಬಹುದು, ಕೆಲವು ಮನೆಗಳಲ್ಲಿ ಉದ್ಯಾನದ ಸಿಬ್ಬಂದಿಯೇ ಇರುತ್ತಾರೆ. ಗಾಜಿಗೆ ಮುಖ ಹತ್ತಿರ ಹಿಡಿದು ಎರಡೂ ಪಕ್ಕ ಅಂಗೈ ಅಡ್ಡ ಇಟ್ಟರೆ ಒಳಗಿನದು ಕಾಣುತ್ತದೆ. ಫೋಟೊಗೆ ಫೋನನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಒಂದು ಅಂಗುಲ ದೂರವಾದರೂ ನಿಮ್ಮದೇ ಪ್ರತಿಬಿಂಬ ಬರುತ್ತದೆ. ನನ್ನ ಮಟ್ಟಿಗೆ ತಪ್ಪಿಸಬಾರದ ಕಟ್ಟಡ ಮೂರು. ಬೂನ್ ಅಂಗಡಿಯ ಕಪಾಟುಗಳಲ್ಲಿ ಡಬ್ಬಿ, ಪೊಟ್ಟಣ ಇದ್ದ ಹಾಗೇ ಇವೆ. ಶಾಲೆಯಲ್ಲಿ ಬೆಂಚು, ಭೂಗೋಳ, ಕಪ್ಪು ಹಲಗೆ. ಶವಾಗಾರದಲ್ಲಿ ಗೋಡೆಗೆ ಒರಗಿಸಿಟ್ಟ ಶವಪೆಟ್ಟಿಗೆಗಳು, ಅವುಗಳಲ್ಲಿ ಮಗುವಿನ ಅಳತೆಯದೂ ಇದೆ. ಬೂನ್ ಅಂಗಡಿಯ ಹತ್ತಿರದ ಹಳೆಯ ಪೆಟ್ರೋಲ್ ಪಂಪು, ಟ್ರಕ್ಕು 1870ರ ದಶಕದವಲ್ಲ. ಊರು ಮೋಟಾರಿನ ಕಾಲದವರೆಗೂ ಉಸಿರಾಡುತ್ತಿತ್ತು ಎಂಬುದಕ್ಕೆ ಅವೇ ಸಾಕ್ಷಿ. 1882ರ ಮೆಥಡಿಸ್ಟ್ ಚರ್ಚಿನೊಳಗೆ ಇಣುಕಲು ಬಾಗಿಲಲ್ಲೇ ಜಾಗ ಕೊಟ್ಟಿದ್ದಾರೆ. ಗಣಿ ಕಾರ್ಮಿಕರ ಸಂಘದ ಹಾಲ್ 1878ರದು, ಮ್ಯೂಸಿಯಂ ಮತ್ತು ಪುಸ್ತಕದಂಗಡಿ ಅದರಲ್ಲಿವೆ. ಮಿಲ್ ಟೂರಿನ ಹೆಸರು ಬರೆಸುವುದೂ ಅಲ್ಲೇ.

ಇನ್ನು ಕೊರತೆಗಳು. ಊರಲ್ಲಿ ವಿವರದ ಫಲಕಗಳೇ ಇಲ್ಲ ಎನ್ನಬಹುದು, ನಂಬರ್ ಮಾತ್ರ. ನೋಟ ಕೆಡಬಾರದೆಂದು ಹಾಗೆ ಮಾಡಿದ್ದಾರೆ, ಅದು ಒಪ್ಪತಕ್ಕದ್ದೇ. ಆದರೆ ಪ್ರವೇಶದಲ್ಲಿ ಮಾರುವ ಕಿರುಪುಸ್ತಕ ಕೊಳ್ಳದವರಿಗೆ ಅರ್ಧ ಊರು ಅರ್ಥವಾಗುವುದಿಲ್ಲ. ಅದನ್ನು ಟಿಕೆಟ್ಟಿನ ಜೊತೆಯೇ ಕೊಟ್ಟುಬಿಡುವುದು ನ್ಯಾಯ. ಮಿಲ್ ಟೂರಿನ ಜಾಗ ಕಡಿಮೆ, ಮೊದಲು ಬಂದವರಿಗೆ ಮೊದಲು.

ದೊಡ್ಡ ಕೊರತೆ ಬೇರೆ ಇದೆ. ಕಿಂಗ್ ಸ್ಟ್ರೀಟ್‌ನಲ್ಲಿ ನೂರಾರು ಚೀನೀಯರಿದ್ದರು. ಸೌದೆ, ತರಕಾರಿ, ಬಟ್ಟೆ ಒಗೆಯುವುದು ಎಲ್ಲ ಅವರ ಕೈಯಲ್ಲೇ ನಡೆಯುತ್ತಿತ್ತು. ರೈಲುಹಳಿ ಹಾಕಲು ಅವರನ್ನು ಕರೆಸಿದಾಗ ಊರಿನ ಗಣಿಗಾರರು ಆಯುಧ ಹಿಡಿದು ಓಡಿಸಲು ಹೊರಟರು. ಕಂಪನಿ ಆ ಕೂಲಿಗಳನ್ನು ಮೋನೊ ಸರೋವರದ ನಡುವಿನ ಪಾವೋಹಾ ದ್ವೀಪಕ್ಕೆ ಸಾಗಿಸಿ ಉಳಿಸಿತು. ಇಂದು ಕಿಂಗ್ ಸ್ಟ್ರೀಟ್ ಬರೀ ಹುಲ್ಲು. ಹಾಗೆಯೇ ಮೋನೊ ಸರೋವರದ ಮೂಲನಿವಾಸಿ ಪಾಯ್ಯೂಟ್ ಜನ ಚಳಿಗಾಲದ ಆಹಾರಕ್ಕೆ ಪಿನ್ಯಾನ್ ಮರದ ಬೀಜ ನಂಬಿದ್ದರು. ಗಣಿಯ ಒಲೆಗಳು ಆ ಮರಗಳನ್ನೇ ಸುಟ್ಟವು. ಸಲೂನು, ಗುಂಡಿನ ಕಾಳಗ, ಕೊಲೆಗಾರರ ಕಥೆಗೆ ಸಿಗುವ ಜಾಗದಲ್ಲಿ ಅರ್ಧದಷ್ಟಾದರೂ ಇವರಿಗೆ ಸಿಗಬೇಕು. ಬಾಯಿಬಿಟ್ಟು ಕೇಳಿದರೆ ರೇಂಜರುಗಳು ಚೆನ್ನಾಗಿ ಹೇಳುತ್ತಾರೆ, ಹಾಗಾಗಿ ಕೇಳಿ.

ರಸ್ತೆ ವಿಷಯ. ಹೆದ್ದಾರಿ 395ರಲ್ಲಿ ಬ್ರಿಜ್‌ಪೋರ್ಟ್‌ನಿಂದ ದಕ್ಷಿಣಕ್ಕೆ 7 ಮೈಲಿ ಬಂದರೆ ಹೆದ್ದಾರಿ 270 ಸಿಗುತ್ತದೆ. ಅದರಲ್ಲಿ 10 ಮೈಲಿ ಡಾಂಬರು, ಕೊನೆಯ 3 ಮೈಲಿ ಮಣ್ಣು. ಮಣ್ಣಿನ ಭಾಗದಲ್ಲಿ ಅಡ್ಡಡ್ಡ ಏಣು ಬಿದ್ದು ಗಾಡಿ ಗಡಗಡ ನಡುಗುತ್ತದೆ. ಸಾಧಾರಣ ಕಾರು ಸಾಕು, ಗಂಟೆಗೆ 10–15 ಮೈಲಿ ಮೀರಬೇಡಿ. ಸ್ಟೆಪ್ನಿಯಲ್ಲಿ ಗಾಳಿಯಿದೆಯೇ ನೋಡಿಕೊಳ್ಳಿ. ಬಾಡಿಗೆ ಕಾರಾದರೆ ಕರಾರು ಓದಿ, ಮಣ್ಣಿನ ರಸ್ತೆಯಲ್ಲಿ ಆದ ಹಾನಿಗೆ ವಿಮೆ ಇಲ್ಲವೆಂದು ಬಹಳ ಕಡೆ ಬರೆದಿರುತ್ತಾರೆ. ಮೋನೊ ಸರೋವರದ ಕಡೆಯಿಂದ ಬರುವವರಿಗೆ ಮ್ಯಾಪು ಹೆದ್ದಾರಿ 167ರಿಂದ ಕಾಟನ್‌ವುಡ್ ಕಣಿವೆಯ ದಾರಿ ತೋರಿಸಬಹುದು. ಅದು ಇನ್ನೂ ಒರಟು, ಅದನ್ನು ಬಿಟ್ಟು 395ರಲ್ಲೇ ಬನ್ನಿ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತದೆ, ಆಗ ಸ್ಕೀ, ಹಿಮಪಾದುಕೆ ಅಥವಾ ಹಿಮವಾಹನದವರಿಗೆ ಮಾತ್ರ. ಹಿಮ ಕರಗುವ ವಸಂತ ಇನ್ನೂ ಕಷ್ಟದ ಕಾಲ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು, ಹೂತುಕೊಂಡರೆ ಎಳೆಯಲು ಬರುವ ಗಾಡಿಗೆ ಬಹಳ ಕಾಯಬೇಕು, ಫೋನ್ ಸಿಗ್ನಲ್ಲೂ ನೆಚ್ಚುವಂತಿಲ್ಲ. ಯೊಸೆಮಿಟಿಯಿಂದ ಬೆಟ್ಟ ದಾಟಿ ಬರುವ ಟಯೋಗಾ ಕಣಿವೆದಾರಿ ತೆರೆದ ಮೇಲೆ, ಜೂನ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಸೆಪ್ಟೆಂಬರ್ ಎಲ್ಲಕ್ಕಿಂತ ಒಳ್ಳೆಯದು: ಜನ ಕಡಿಮೆ, ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ.

ಊರಲ್ಲಿ ಹೋಟೆಲಿಲ್ಲ, ಪೆಟ್ರೋಲಿಲ್ಲ, ಚಾರ್ಜರಿಲ್ಲ, ಉಳಿಯಲು ಜಾಗವಿಲ್ಲ. ಪಾರ್ಕಿಂಗ್ ಹತ್ತಿರ ಶೌಚಾಲಯವಿದೆ, ಕೂತು ತಿನ್ನಲು ಬೆಂಚುಗಳಿವೆ. ಮೋನೊ ಸರೋವರದ ಬಳಿಯ ಲೀ ವೈನಿಂಗ್ ಅಥವಾ ಬ್ರಿಜ್‌ಪೋರ್ಟ್‌ನಲ್ಲಿ ಟ್ಯಾಂಕ್ ತುಂಬಿಸಿ. ಬುತ್ತಿಗೆ ಪುಳಿಯೋಗರೆ, ಚಪಾತಿಯಂಥದ್ದು ಒಳ್ಳೆಯದು. ಆ ಗಾಳಿಯಲ್ಲಿ ತಟ್ಟೆ ಹಾರಿಹೋಗುತ್ತದೆ, ಹಾಗಾಗಿ ಡಬ್ಬಿಯಲ್ಲೇ ತಿನ್ನುವಂತಿರಲಿ. ಸಮುದ್ರಮಟ್ಟದಿಂದ ಒಂದೇ ದಿನದಲ್ಲಿ ಏರಿ ಬಂದವರಿಗೆ ತಲೆನೋವು, ಏದುಸಿರು ಸಾಮಾನ್ಯ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಜುಲೈಯಲ್ಲೂ ಒಂದು ದಪ್ಪ ಸ್ವೆಟರ್. ನೆರಳೆಂಬುದೇ ಇಲ್ಲ. ಗಾಲಿಕುರ್ಚಿಗೆ, ಮಗುವಿನ ಚಿಕ್ಕ ಗಾಲಿಯ ತಳ್ಳುಗಾಡಿಗೆ ಜಲ್ಲಿ ನೆಲ ಕಷ್ಟ. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಹುಲ್ಲಿನಲ್ಲಿ ಹಳೆಯ ಮೊಳೆ, ಗಾಜಿನ ಚೂರು, ತುಕ್ಕು ಹಿಡಿದ ತಂತಿ ಎಲ್ಲ ಕಡೆ ಇವೆ.

ಆ ಮೊಳೆಯನ್ನೂ ಎತ್ತಿಕೊಳ್ಳಬೇಡಿ. ಇಲ್ಲಿಂದ ಏನು ತೆಗೆದುಕೊಂಡು ಹೋದರೂ ಶಾಪ ತಟ್ಟುತ್ತದೆಂಬ ನಂಬಿಕೆ ಹಬ್ಬಿ, ಕದ್ದವರು ಕ್ಷಮೆಯ ಪತ್ರದ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಅಂಥ ಪತ್ರಗಳು ಮ್ಯೂಸಿಯಂನಲ್ಲಿವೆ. ಓದಲು ಮೋಜೆನಿಸಿದರೂ ಹಾಗೆ ಬಂದ ವಸ್ತು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಯಾವ ಮನೆಯ ಯಾವ ಮೂಲೆಯಲ್ಲಿತ್ತು ಎಂಬುದು ಕಳೆದುಹೋದ ಮೇಲೆ ಅದು ಬರೀ ಕಬ್ಬಿಣ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಳೆದ ಅರ್ಧ ಕಿಂಗ್ ಸ್ಟ್ರೀಟ್‌ನದು. ಬೇಸಿಗೆಯಲ್ಲಿ ಸಂಜೆ 6ಕ್ಕೆ ಗೇಟು ಮುಚ್ಚುತ್ತಾರೆ, ಚಳಿಗಾಲದಲ್ಲಿ ಇನ್ನೂ ಬೇಗ. ಹೊರಬಂದ ಮೇಲೆ ಬೆಳಕು ಉಳಿದಿದ್ದರೆ 395ರಲ್ಲಿ ದಕ್ಷಿಣಕ್ಕೆ ಲೀ ವೈನಿಂಗ್ ದಾಟಿ, ಪೂರ್ವಕ್ಕೆ ತಿರುಗುವ ಹೆದ್ದಾರಿ 120 ಹಿಡಿಯಿರಿ. ಸರೋವರದ ದಡದ ಸೌತ್ ಟೂಫಾಗೆ ಹೋಗುವ ತಿರುವನ್ನೂ ದಾಟಿ ಮುಂದೆ ಹೋದರೆ ಮೋನೊ ಮಿಲ್ಸ್ ಸಿಗುತ್ತದೆ, ಬೋಡಿಯ ಆ ಮರದ ರೈಲು ಹೊರಡುತ್ತಿದ್ದ ಜಾಗ. ಈಗ ಅಲ್ಲಿ ಉಳಿದಿರುವುದು ಅಡಿಪಾಯ ಮತ್ತು ಹಳಿ ಹಾಸಿದ್ದ ನೆಲದ ಗುರುತು ಮಾತ್ರ, ಟಿಕೆಟ್ಟೂ ಇಲ್ಲ. ದಾರಿ ಮರಳು ಮರಳಾಗಿದೆ, ಟಾರು ಬಿಟ್ಟು ಕಾರು ಇಳಿಸಬೇಡಿ.